ಹಿಂದಿನ ಸೀಟಿನ ಹಾಡು

ಕಾರುಗಳು ಮನುಷ್ಯರ ದನಿಯನ್ನೇ ಇಂಧನವಾಗಿ ಉರಿಸತೊಡಗಿದ ಮೇಲೆ ಹರಿಣಾಕ್ಷಿ ಬಾಡಿಗೆ ಕಾರಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಮಂಗಳೂರಿನ ಕೌಂಟರಿನಲ್ಲಿ ಕೀಲಿ ಒಪ್ಪಿಸಿದಾಗ ಗುಮಾಸ್ತ, “ಟ್ಯಾಂಕಿನಲ್ಲಿದ್ದದ್ದು ಸಾಲ್ಲಿಲ್ಲ ಅಕ್ಕ, ಉಳಿದದ್ದನ್ನು ಗಾಡಿಯೇ ತಗೊಂಡಿದೆ” ಎಂದ.

“ನಾನು ದಾರಿಯುದ್ದ ಮಾತೇ ಆಡ್ಲಿಲ್ಲ ಮಾರಾಯ್ರೆ.”

“ನೀವಲ್ಲ. ಹಿಂದಿನ ಸೀಟಿನಲ್ಲಿ ಮಗು ಹಾಡ್ತಾ ಇತ್ತಲ್ಲ.”

ಹರಿಣಾಕ್ಷಿ ಪಕ್ಕದಲ್ಲಿದ್ದ ಮಗಳು ಧನ್ವಿಯತ್ತ ತಿರುಗಿದಳು. ಮಕ್ಕಳ ದನಿಯನ್ನು ಗಾಡಿ ಮುಟ್ಟುವುದಿಲ್ಲವೆಂದು ನಂಬಿದ್ದರಿಂದ, ಉಡುಪಿ ದಾಟಿ ಹಾಡು ನಿಂತಾಗ ಮಗಳಿಗೆ ನಿದ್ದೆ ಬಂತೆಂದೇ ಅವಳು ತಿಳಿದಿದ್ದಳು.

“ಅವಳ ದನಿ ವಾಪಸ್ ಕೊಡಿ. ಬೇಕಾದ್ರೆ ನನ್ನದು ತಗೊಳ್ಳಿ.”

“ಆಗ್ಬಹುದು. ಆದ್ರೆ ಕಳ್ಕೊಂಡವರೇ ಬಾಯಿಬಿಟ್ಟು ದೂರು ಹೇಳ್ಬೇಕು.”

ಅವಳು ಮಗಳನ್ನೆತ್ತಿ ಕೌಂಟರಿನ ಮೇಲೆ ಕೂರಿಸಿದಳು. ಧನ್ವಿ ಬಾಯಿ ತೆರೆದು, ಕತ್ತಿನ ನರ ಉಬ್ಬುವಷ್ಟು ಕೂಗಿದಳು. ಏನೂ ಕೇಳಿಸಲಿಲ್ಲ. ಗುಮಾಸ್ತ ತಾಳ್ಮೆಯಿಂದ ಕಾದು, ಆಮೇಲೆ ಸಾಲಿನಲ್ಲಿದ್ದ ಮುಂದಿನವರನ್ನು ಕರೆದ.