ಎಡಗೈ ಹೆಬ್ಬೆಟ್ಟು

ಮುದುಕಿ ಚಪಾತಿ ಲಟ್ಟಿಸುತ್ತಿದ್ದಳು. ಒಳಗೆ ಬಂದ ಮಗ ಅವಳ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡ. ಪಕ್ಕದಲ್ಲಿ ನಿಂತಿದ್ದ ಡಾಕ್ಟರ್ ಹೆಂಡತಿಯ ಬಲಗೈಯನ್ನು ಅಡಿಗೆಕಟ್ಟೆಯ ಮೇಲೆ ಒತ್ತಿ ಹಿಡಿದು ಬೆರಳುಗಳ ಮೇಲೆ ಮೂರು ಸಲ ಬಾರಿಸಿದ. ಮೂರನೆಯದಕ್ಕೆ ಎಲುಬು ಮುರಿದದ್ದು ಕೇಳಿಸಿತು.

“ಲಂಡನ್ನಿಗೆ ಹೋಗತಾಳಂತ. ನನ್ನ ಹೆಸರು ಬಿಟ್ಟು ಬ್ಯಾಂಕಿನಾಗ ಖಾತೆ ತೆಗೀತಾಳಂತ. ಈಗ ಸಹಿ ಮಾಡು, ನೋಡೂಣು.”

“ಅಕಿ ಕೈ ಬಿಡೋ,” ಎಂದಳು ಮುದುಕಿ.

“ನೀ ಹೆಬ್ಬೆಟ್ಟಿನಾಕಿ, ನಿನಗೇನ್ ತಿಳೀತೈತಿ? ಚಪಾತಿ ಮಾಡು.”

ಲಟ್ಟಣಿಗೆ ಎಸೆದು ಅವನು ಹೊರಟುಹೋದ.

ಅತ್ತೆ ಹಳೆ ಸೀರೆ ಹರಿದು ಸೊಸೆಯ ಬೆರಳು ಕಟ್ಟಿದಳು. ಅವನ ಅಂಜಿಕೆಗೆ ಎಂಟು ದಿನದಿಂದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ, ಸೊಸೆಯ ಬ್ಯಾಂಕ್ ಖಾತೆಯ ಅರ್ಜಿ ಪತ್ರವನ್ನು ಹೊರತೆಗೆದಳು.

“ಎಲುಬು ಕೂಡೂದಕ್ಕ ಆರು ವಾರ ಬೇಕ್ರಿ ಅತ್ತಿ. ಶುಕ್ರವಾರದೊಳಗ ಇದು ಬ್ಯಾಂಕಿಗೆ ಮುಟ್ಟದಿದ್ರ ಖಾತೆ ಇಲ್ಲ, ಖಾತೆ ಇಲ್ಲದಿದ್ರ ವೀಸಾ ಇಲ್ಲ.”

“ಎಡಗೈ ಐತಲ್ಲ. ಹೆಬ್ಬೆಟ್ಟು ಒತ್ತು.”

“ಡಾಕ್ಟರ್ ಹೆಬ್ಬೆಟ್ಟು ಒತ್ತಿದ್ರ ನಗತಾರ.”

“ನನ್ನ ನೋಡಿ ಐವತ್ತು ವರ್ಷ ನಕ್ಕಾರ. ಸತ್ತೇನೇನು ನಾ?”

“ಹೆಬ್ಬೆಟ್ಟಿಗೆ ಓದು ಬಂದವರ ಸಾಕ್ಷಿ ಸಹಿ ಬೇಕ್ರಿ. ನಿಮ್ಮ ಮಗನ್ನ ಎದುರು ಹಾಕ್ಕೊಂಡು ಯಾರು ಮಾಡ್ತಾರ?”

ಎರಡು ವರ್ಷದಿಂದ ದಿನಾ ಸಂಜೆ ಭಜನೆಗೆಂದು ಹೇಳಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಚೀಲವನ್ನು ಅತ್ತೆ ತಂದು ಬಿಚ್ಚಿದಳು. ಅದರಲ್ಲಿ ತಾಳ ಇರಲಿಲ್ಲ. ರಾತ್ರಿ ಶಾಲೆಯ ನೋಟ್‌ಬುಕ್ಕು, ಪೆನ್ನು ಇದ್ದವು.

ಮಧ್ಯಾಹ್ನ ಪತ್ರ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಡಾಕ್ಟರ್ ಒತ್ತಿದ ಹೆಬ್ಬೆಟ್ಟಿನ ಪಕ್ಕದಲ್ಲಿ ಅತ್ತೆಯ ಸಹಿ ಇತ್ತು.