ಬರಿ ಕೊಬ್ಬರಿ

"ಇದ್ದುದರಲ್ಲಿ ಕೆಟ್ಟ ಕೊಬ್ಬರಿ ಯಾವುದೋ ಅದನ್ನ ಕೊಡಿ" ಎಂದು ಕೊಬ್ಬರಿ ಸಂಘದ ರೇವಣಸಿದ್ದಯ್ಯ ಕೇಳಿದಾಗ ಕಾಟಮ್ಮ ಅವನ ಮುಖವನ್ನೇ ನೋಡಿದಳು.

"ಕೆಟ್ಟದ್ದಾ?"

"ಹೂಂ ಅಮ್ಮ. ಅದು ಒಣಗಿದ್ರೆ ಮಿಕ್ಕಿದ್ದೂ ಒಣಗಿರ್ತದೆ. ಸಣ್ಣಗೆ ಹೆಚ್ಚಿ ಇದಕ್ಕೆ ಹಾಕಿ ತನ್ನಿ. ಮಿಷನ್ನಿಗೆ ಬೇಕು." ಅವನು ಚಾಕು, ಮುಚ್ಚಳದ ಡಬ್ಬಿ ಎರಡನ್ನೂ ಕೊಟ್ಟ.

ಹಿಂದಿನ ಮಳೆಗಾಲದಲ್ಲಿ ದೆಹಲಿಗೆ ಹೋದ ಒಂದು ಲಾರಿ ಕೊಬ್ಬರಿ ಬೂಷ್ಟು ಹಿಡಿದು ವಾಪಸು ಬಂದಿತ್ತು. ಆಮೇಲೆ ತಿಪಟೂರಿನ ಆ ಸಂಘದವರು ಈ ಯಂತ್ರ ತರಿಸಿದ್ದರು. ಬೂಷ್ಟಿಗೆ ದಕ್ಕುವ ನೀರು ಕೊಬ್ಬರಿಯಲ್ಲಿ ಎಷ್ಟಿದೆ ಎಂದು ಅದು ತೋರಿಸುತ್ತಿತ್ತು. ಮುಳ್ಳು ಕೆಂಪು ಗೆರೆ ದಾಟಿದರೆ ಚೀಲ ಲಾರಿ ಹತ್ತುವಂತಿಲ್ಲ. ಕಾಟಮ್ಮನ ಚೀಲಗಳು ಹೊರಗೆ ಗಾಡಿಯಲ್ಲಿದ್ದವು. ಗಂಡ ತೀರಿಕೊಂಡ ಮೇಲೆ ಕಾಯಿ ಒಣಗಿಸುವ ಅವಳ ಅಟ್ಟ ನೋಡಿಕೊಳ್ಳುತ್ತಿದ್ದವನು ಮೈದುನ ಜುಂಜಯ್ಯ. ಈ ಸಲ ಅವಳೇ ಕಾಯಿ ಅಟ್ಟಕ್ಕೇರಿಸಿ, ಅವಳೇ ನಿಂತು ಇಳಿಸಿ ಕರಟ ಬಿಡಿಸಿದ್ದಳು. ಹೊನ್ನವಳ್ಳಿಯಿಂದ ಗಾಡಿ ಹೊಡೆದುಕೊಂಡು ಬಂದ ಜುಂಜಯ್ಯ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಹೆಂಗಸ್ರು ಕಾದ ಕೊಬ್ಬರಿ ಡೆಲ್ಲಿ ಮುಖ ನೋಡಕಿಲ್ಲ ಅತ್ತಿಗೆ."

ರೇವಣಸಿದ್ದಯ್ಯ ಮೊದಲು ಯಂತ್ರ ಸರಿಯಿದೆಯೇ ಎಂದು ನೋಡಲು ಉಪ್ಪು ನೆನೆಸಿದ ಬಟ್ಟಲಿಟ್ಟು, ಮುಳ್ಳು ಎಪ್ಪತ್ತೈದಕ್ಕೆ ಬಂದು ನಿಲ್ಲುವವರೆಗೆ ಕಾದ. ಫ್ಯಾನು ಆರಿಸಿದ. ಕಾಟಮ್ಮ ಹೆಚ್ಚಿ ತಂದ ಚೂರುಗಳನ್ನು, ಉಸಿರು ತಾಗದಂತೆ ಮುಖ ಅತ್ತ ತಿರುಗಿಸಿಕೊಂಡು, ಇನ್ನೊಂದು ಬಟ್ಟಲಿಗೆ ಅರ್ಧದಷ್ಟು ಹಾಕಿ ಮುಚ್ಚಿದ. ಬಹಳ ಹೊತ್ತಿನ ಮೇಲೆ ಮುಳ್ಳು ಗೆರೆಯ ಕೆಳಗೇ ನಿಂತಿತು.

"ಪಾಸು" ಎಂದ.

ಕಾಟಮ್ಮ ಬಾಗಿಲಿಗೆ ಹೋಗಿ ಜುಂಜಯ್ಯನ ಕಡೆ ಸುಮ್ಮನೆ ನೋಡಿದಳು. ಅವನು ಎತ್ತಿನ ಕೊರಳ ಹಗ್ಗ ಸರಿಮಾಡತೊಡಗಿದ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಡಬ್ಬಿಗೆ ಇರುವೆ ಹತ್ತಿತ್ತು. ರೇವಣಸಿದ್ದಯ್ಯ ಒಂದು ಚೂರು ಬಾಯಿಗೆ ಹಾಕಿಕೊಂಡ. ಚೂರುಗಳಿಗೆ ಅಂಟಿದ್ದ ಕಂದು ಪುಡಿಯನ್ನು ಅವನು ಅಲ್ಲಿಯವರೆಗೆ ಕೊಬ್ಬರಿಯ ಸಿಪ್ಪೆ ಅಂದುಕೊಂಡಿದ್ದ.

"ಅಮ್ಮ, ಇದಕ್ಕೆ ಬೆಲ್ಲ ಬೆರೆಸಿದ್ರಾ?"

"ಹೂಂ ಕಣಪ್ಪ. ಎದುರಂಗಡೀಲಿ ತಂದು ಪುಡಿಮಾಡಿ ಹಾಕ್ದೆ. ಕೆಟ್ಟದ್ದು ಕೇಳಿದ್ರಿ. ಬರೀ ಕೆಟ್ಟದ್ದನ್ನೇ ಒಬ್ರ ಕೈಗೆ ಹೆಂಗ್ ಕೊಡ್ಲಿ?"

"ಕೊಟ್ಟಿದ್ದು ಮಿಷನ್ನಿಗಲ್ವಾ?"

"ಈಸ್ಕೊಂಡೋರು ನೀವಲ್ವಾ?"

ರೇವಣಸಿದ್ದಯ್ಯ ಎದ್ದು, ಗಾಳಿ ಬರ್ತದೆ ಎಂದು ಬಾಗಿಲು ಮುಂದಕ್ಕೆ ತಳ್ಳಿದ. ಹೊರಗೆ ಗಾಳಿಯಿರಲಿಲ್ಲ, ಜುಂಜಯ್ಯನಿದ್ದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಬೆಲ್ಲ ನೀರನ್ನ ಹಿಡ್ಕೊಂಡುಬಿಡ್ತದೆ ಅಮ್ಮ, ಮಿಷನ್ನಿಗೆ ಸಿಗಲ್ಲ. ಇನ್ನೊಂದು ಸಲ ನೋಡ್ಬೇಕು. ಬರಿ ಕೊಬ್ಬರಿ."

ಕಾಟಮ್ಮ ಗಾಡಿಗೆ ಹೋಗಿ ಚೀಲಗಳಲ್ಲಿ ಕೈಯಾಡಿಸಿ, ಇನ್ನೊಂದು ಕೆಟ್ಟ ಕೊಬ್ಬರಿ ಆರಿಸಿ, ಸೆರಗಿನ ಕೆಳಗೆ ಮುಚ್ಚಿಕೊಂಡು ಬಂದಳು. ಅವಳು ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುವ ತನಕ ರೇವಣಸಿದ್ದಯ್ಯ ಬೆನ್ನು ತಿರುಗಿಸಿ ಯಂತ್ರದ ಗಾಜು ಒರೆಸುತ್ತಲೇ ಇದ್ದ. ಈ ಸಲ ತಾನೇ ಹೆಚ್ಚಿದ. ಮುಳ್ಳು ಮೆಲ್ಲಗೆ ಏರಿ, ಕೆಂಪು ಗೆರೆ ದಾಟಿ ನಿಂತಿತು.

"ಚೆನ್ನಾಗಿ ಬಿಸಿಲಿಗೆ ಹಾಕಿ. ಮುಂದಿನ ಲಾರಿಗೆ ತಂದು ತೋರ್ಸಿ."

"ಹಂಗೇ ಆಗ್ಲಿ ಬುಡಿ."

"ಏನಂತೆ ಅತ್ತಿಗೆ?" ಜುಂಜಯ್ಯ ಹೊರಗಿನಿಂದ ಕೂಗಿದ.

"ಮುಂದಿನ್ ಲಾರಿಗಂತೆ. ಗಾಡಿ ಕಟ್ಟು."

ಹೊರಟವಳು ನಿಂತು, ಮಡಿಲ ಗಂಟು ಬಿಚ್ಚಿ, ಒಂದು ಕಲೆಯೂ ಇಲ್ಲದ ದುಂಡನೆಯ ಕೊಬ್ಬರಿಯನ್ನು ಮೇಜಿನ ಮೇಲಿಟ್ಟಳು.

"ಇದ್ಯಾಕಮ್ಮ?"

"ನಿಮ್ಮನೆಗೆ. ಬೆಳಿಗ್ಗೆ ಬರುವಾಗ್ಲೇ ತಂದಿದ್ದೆ. ಪಾಸಾಗಿದ್ರೆ ಲಂಚ ಆಗ್ತಿತ್ತು, ಕೊಡಕಾಗ್ತಿರ್ಲಿಲ್ಲ."