ಅಗ್ಗದ ಕಾಳಗ

ನಮ್ಮ ಕ್ಲಬ್ಬಿನಲ್ಲಿ ರಿಮೋಟ್ ಹಿಡಿದು ಹಾರಿಸುವ ಪುಟ್ಟ ಬ್ಯಾಟರಿ ವಿಮಾನಗಳ ಕಾಳಗದಲ್ಲಿ ಪ್ರತಿ ವರ್ಷ ಗೆಲ್ಲುತ್ತಿದ್ದವರು ಹಲ್ಲಿನ ಡಾಕ್ಟರು. ಎದುರಾಳಿ ವಿಮಾನದ ಕಾಗದದ ಬಾಲ ಕತ್ತರಿಸಿ, ಕೊನೆವರೆಗೂ ಮೇಲೆ ಉಳಿದವರೇ ಗೆದ್ದಂತೆ. ಡಾಕ್ಟರ ವಿಮಾನ ಫಾರಿನ್‌ದು, ಉಳಿದವರದು ಥರ್ಮಾಕೋಲ್.

ಕಾರ್ಯದರ್ಶಿ ಸಂಜೀವಯ್ಯನವರು ಎಲ್ಲರಿಗೂ ಎಟುಕುವಂಥ ಹೊಸ ನಿಯಮ ಬರೆದು ತಂದು ಓದಿದರು.

"ವಿಮಾನ ನಾವೇ ಕಟ್ಟಬೇಕು. ಹಾರಿಸೋ ಮುಂಚೆ ಚೀಟಿ ಎತ್ತಿ ಅದಲುಬದಲು."

"ಅಂದ್ರೆ ನಾನು ಕಟ್ಟಿದ್ದನ್ನ ಇನ್ಯಾರೋ ಹಾರಿಸ್ತಾರಾ?" ಡಾಕ್ಟರು ಕೇಳಿದರು.

"ಹೌದು ಸಾರ್. ಇನ್ನೊಬ್ಬರ ಕೈಗೆ ಹೋಗೋದಕ್ಕೆ ಯಾರು ದುಡ್ಡು ಸುರೀತಾರೆ ಹೇಳಿ?"

"ಯಾರೂ ಸುರಿಯಲ್ಲ."

ಎಲ್ಲರೂ ಕೈ ಎತ್ತಿ ಒಪ್ಪಿದರು.

ನಿಯಮ ಮಾಡಿದ ನಾನೇ ಕಳಪೆ ಕಟ್ಟಿದರೆ ಮರ್ಯಾದೆಯಲ್ಲ ಎಂದು ಸಂಜೀವಯ್ಯನವರು ತಿಂಗಳಿಡೀ ಕೂತು ರೆಕ್ಕೆ ಉಜ್ಜಿದರು.

ಪಂದ್ಯದ ದಿನ ಒಂಬತ್ತು ವಿಮಾನ ಬಂದವು. ಚೀಟಿ ಎತ್ತಿದ್ದಾಯಿತು, ಸೀಟಿ ಹೊಡೆದದ್ದಾಯಿತು. ಎಂಟು ವಿಮಾನ ಎಸೆದ ಜಾಗದಲ್ಲೇ ಹುಲ್ಲಿಗೆ ಮೂಗು ಊರಿದವು. ಸಂಜೀವಯ್ಯನವರು ಕಟ್ಟಿದ್ದೊಂದು ಹದ್ದಿನ ಹಾಗೆ ಮೇಲೆದ್ದಿತು.

ಅದರ ರಿಮೋಟ್ ಡಾಕ್ಟರ ಕೈಯಲ್ಲಿತ್ತು.